ರಸೂಲ್ ಸಾಬ್ ಬರೆಸಿಟ್ಟದ್ದು

ಚಳ್ಳಕೆರೆಯ ವಿಶ್ವವಿದ್ಯಾಲಯ ಕೇಂದ್ರದ ರೆಕಾರ್ಡ್ ರೂಮನ್ನು ರಸೂಲ್ ಸಾಬ್ ಮೂವತ್ತೊಂದು ವರ್ಷ ನೋಡಿಕೊಂಡವರು. ಯಾವ ವರ್ಷದ ಅಂಕಗಳ ಲೆಡ್ಜರ್ ಯಾವ ಬೀರುವಿನಲ್ಲಿದೆ ಎಂಬುದು ಅವರೊಬ್ಬರಿಗೇ ಗೊತ್ತು. ಮಗಳ ನಿಕಾಹ್ ದಿನ ಪಂಕ್ತಿಯಲ್ಲಿ ಬಡಿಸುತ್ತಲೇ, "ಎಡಗಡೆ ಬೀರು, ಕೆಳಗಿನ ಖಾನೆ ನೋಡ್ರಿ" ಎಂದು ಫೋನಿನಲ್ಲಿ ಹೇಳಿದ್ದರು.

ನಿವೃತ್ತಿಗೆ ಒಂದು ವರ್ಷವಿರುವಾಗ ಹೊಸ ಸೂಪರಿಂಟೆಂಡೆಂಟ್ ಹರಿಪ್ರಿಯಾ ಒಂದು ನಿಯಮ ತಂದರು. ಪ್ರತಿಯೊಬ್ಬರೂ ತಮ್ಮ ಕೆಲಸದ ಕ್ರಮವನ್ನು ಬರೆದಿಡಬೇಕು. ಇನ್ನೊಬ್ಬರು ಅದನ್ನು ಓದಿಯೇ ಆ ಕೆಲಸ ಮಾಡಿ ತೋರಿಸಬೇಕು. ರಸೂಲ್ ಸಾಬರ ಮುಖ ಸಣ್ಣಗಾಯಿತು.

"ಎಲ್ಲಾ ಬರೆದುಕೊಟ್ಟ ಮ್ಯಾಲೆ ನಾನ್ಯಾಕ್ರಿ ಮೇಡಂ?"

"ನಾಳೆ ನಿಮಗೇನಾದ್ರೂ ಆದ್ರೆ, ಬಂದೋರಿಗೆ ನಾನೇನು ಹೇಳ್ಲಿ ಸಾಬ್ರೇ?"

ಮಾರನೆಯ ದಿನದಿಂದ ರಸೂಲ್ ಸಾಬ್ ಹೇಳುತ್ತ ಹೋದರು, ಕಿರಿಯ ಸಹಾಯಕಿ ತೇಜಶ್ರೀ ಕಂಪ್ಯೂಟರಿಗೆ ಹಾಕುತ್ತ ಹೋದಳು. ರೆಕಾರ್ಡ್ ರೂಮಿನ ಸೂರು ಸೋರಿದಾಗ ಗ್ರಂಥಾಲಯದ ಅಟ್ಟ ಸೇರಿದ ಕಟ್ಟುಗಳು, ಮದುವೆಯ ನಂತರ ಹೆಸರು ಬದಲಾದವರನ್ನು ತಂದೆಯ ಹೆಸರಿನಿಂದ ಹುಡುಕುವ ಬಗೆ, ಬೆನ್ನಿನ ಮೇಲೆ ತಪ್ಪು ವರ್ಷ ಅಂಟಿಸಿಕೊಂಡ ಲೆಡ್ಜರುಗಳು. ಇದೆಲ್ಲ ಮುಗಿಯಲು ಆರು ತಿಂಗಳು ಹಿಡಿಯಿತು.

ಅದಾದ ಸ್ವಲ್ಪ ದಿನಕ್ಕೇ ಅವರಿಗೆ ದಾವಣಗೆರೆಯಲ್ಲಿ ಹೃದಯದ ಆಪರೇಷನ್ ಆಯಿತು. ಹೆಂಡತಿ ಗುಲ್ಷನ್ ಬೀ ಎರಡು ವಾರ ಯಾರ ಫೋನನ್ನೂ ಕೊಡಲಿಲ್ಲ. ಮಲಗಿದಲ್ಲೇ ಅವರ ಜೀವ ಆಫೀಸಿನಲ್ಲಿತ್ತು. ಯಾರೋ ಬಂದು ಬರಿಗೈಲಿ ಹೋಗಿರಬಹುದು, ತನ್ನಿಂದ ಯಾರದೋ ಕೆಲಸ ಕೆಟ್ಟಿರಬಹುದು ಎಂಬ ಸಂಕಟ.

ಮನೆಗೆ ಬಂದ ಮೇಲೆ ತೇಜಶ್ರೀ ನೋಡಲು ಬಂದಳು.

"ಸಾರ್, ಮೊಳಕಾಲ್ಮೂರಿಂದ ಚೌಡೇಶ್ವರಿ ಅಂತ ಟೀಚರ್ ಬಂದಿದ್ರು. ಮನೇಲಿ ಮಗ್ಗ ನೇಯ್ತಾನೇ ಎಂ.ಎ. ಓದಿದೋರಂತೆ. ಅಂಕಪಟ್ಟಿ ಗೆದ್ದಲು ತಿಂದೈತೆ, ಪ್ರಮೋಷನ್‌ಗೆ ಅವತ್ತೇ ಕೊನೇ ದಿನ."

ರಸೂಲ್ ಸಾಬ್ ಎದ್ದು ಕೂತರು. "ಯಾವ ವರ್ಷದ್ದಮ್ಮ?"

"ತೊಂಬತ್ತೊಂಬತ್ತು."

"ಅಯ್ಯೋ, ಅದು ಅಟ್ಟದ ಮ್ಯಾಲಿನ ಕಟ್ಟಿನಾಗೈತೆ, ಸಿಗೋದು ಕಷ್ಟ ಐತಲ್ಲ!"

"ಸಿಕ್ತು ಸಾರ್, ಅರ್ಧ ಗಂಟೇಲಿ. ಮದುವೆ ಆದ್ಮ್ಯಾಲೆ ಹೆಸರು ಬದಲಾಗಿತ್ತು, ನೀವು ಬರೆಸಿದಂಗೇ ಅವರಪ್ಪನ ಹೆಸರು ಹಿಡಿದು ಹುಡುಕಿದೆ. ದೃಢೀಕರಣ ಪತ್ರ ಕೈಗೆ ಬಂದಾಗ ಆಯಮ್ಮ ಅತ್ತೇಬಿಟ್ರು." ಎದ್ದು ಹೊರಡುತ್ತ ಅಂದಳು, "ಆದ್ರೆ ಸಾರ್, ನಿಮ್ದೊಂದು ತಪ್ಪು ತಿದ್ದೀನಿ. ಅಟ್ಟದ ಮ್ಯಾಲೆ ಹನ್ನೊಂದು ಕಟ್ಟು ಅಂದಿದ್ರಿ, ಹನ್ನೆರಡವೆ."

ಮೂವತ್ತೊಂದು ವರ್ಷ ಹೆಗಲ ಮೇಲಿದ್ದ ಭಾರ ಇಳಿದಂತಾಗಿ ರಸೂಲ್ ಸಾಬ್ ನಕ್ಕೇ ನಕ್ಕರು.

"ಮೆಲ್ಲಗೆ ನಗ್ರೀ," ಗುಲ್ಷನ್ ಬೀ ಒಳಗಿನಿಂದ ಗದರಿದರು, "ಹೊಲಿಗೆ ಬಿಚ್ಚೀತು!"