ಚಳಿಯ ಮಿಡತೆ, ಬಿಸಿಲ ಮಿಡತೆ

ಯುದ್ಧದ ಕಾಲ. ಚನ್ನಗಿರಿ ಕಡೆಯಿಂದ ಬಂದ ವಿಜ್ಞಾನದ ಮೇಷ್ಟ್ರೊಬ್ಬರು ನನ್ನ ಹತ್ತಿರ ಮಿಡತೆ ಕೇಳಿದರು. ನೀರು ಬೆರೆಸಿದ್ದಾಳೇನೋ ಅಂತ ಹಾಲು ಹಾಕುವವಳ ಚೊಂಬಿಗೂ ಬೆರಳದ್ದಿ ನೋಡುವ ಬುದ್ಧಿ ನನ್ನದು; ನನ್ನನ್ನೇ ಕೇಳಬೇಕೇ?

ನ್ಯಾಮತಿಯ ಹತ್ತಿರ ನನ್ನ ತವರಿನವರು ಕೊಟ್ಟ ಎರಡೆಕರೆ ಜೋಳದ ಹೊಲವಿತ್ತು. ಗಂಡ ತೀರಿಕೊಂಡ ಮೇಲೆ ನನ್ನ ಅನ್ನಕ್ಕೆ ಇದ್ದದ್ದು ಅದೊಂದೇ.

"ಹೊತ್ತು ಹುಟ್ಟಾಕೆ ಮುಂಚೆ ಚಳಿಗೆ ಮರಗಟ್ಟಿ ಕುಂತಿರೋವು ಈ ಡಬ್ಬಿಗೆ, ಮಧ್ಯಾಹ್ನ ಬಿಸಿಲಾಗೆ ಹಾರಾಡೋವು ಆ ಡಬ್ಬಿಗೆ ಹಾಕ್ರಿ ಅಮ್ಮಾ," ಅಂದರು ಮೇಷ್ಟ್ರು. ಅವನ್ನು ಬೇರೆಬೇರೆಯಾಗಿ ಸುಟ್ಟು, ಬೂದಿಯನ್ನು ಪರೀಕ್ಷೆಗೆ ಅಂತ ಬೆಂಗಳೂರಿನ ಗೆಳೆಯರಿಗೆ ಕಳಿಸುತ್ತಾರಂತೆ. ಹುಳದ ಮೈಯಲ್ಲಿ ಚೂರುಪಾರು ತಾಮ್ರ, ಕಬ್ಬಿಣ ಇರುತ್ತದಂತೆ. ಚಳಿಗೆ ಅದು ಹೆಚ್ಚುಕಮ್ಮಿ ಆಗುತ್ತದೆಯೇ ನೋಡಬೇಕಂತೆ.

ನನಗೆ ಆಗಲೇ ತಲೆ ಬಿಸಿಯಾಯಿತು. ಮಿಡತೆ ತಿನ್ನುವುದು ನನ್ನ ಜೋಳದ ಎಲೆ, ಜೋಳ ಬೇರು ಬಿಟ್ಟಿರುವುದು ನನ್ನ ಹೊಲದಲ್ಲಿ. ನಮ್ಮ ಸುತ್ತಿನ ನೆಲದಲ್ಲಿ ಹಿಂದೆ ಯಾರೋ ಚಿನ್ನಕ್ಕೆ ಗಣಿ ತೋಡಿದ್ದನ್ನೂ ಕೇಳಿದ್ದೆ. ಮಿಡತೆ ಬರೀ ನೆವ, ಈತನ ಕಣ್ಣು ಹೊಲದ ಮೇಲೆ ಅಂತ ಗಟ್ಟಿ ಮಾಡಿಕೊಂಡೆ.

"ಚಿನ್ನ ಹುಡುಕಾಕೆ ಬಂದೀರೇನ್ರಿ?" ಕೇಳಿಯೇ ಬಿಟ್ಟೆ.

ಮೇಷ್ಟ್ರು ನಕ್ಕರು. "ಚಿನ್ನ ಯಾರಿಗೆ ಬೇಕ್ರಿ? ಎರಡು ಚಳಿಗಾಲ ಇದಕ್ಕೇ ಕಳೆದೀನಿ. ಈ ಸಲವೂ ಗೊತ್ತಾಗಲಿಲ್ಲ ಅಂದ್ರೆ ಬಿಟ್ಟೇ ಬಿಡ್ತೀನಿ."

ಚಿನ್ನ ಬೇಡ ಅನ್ನುವವನನ್ನು ಹೇಗೆ ನಂಬುವುದು? ಆದರೆ ಇಲ್ಲ ಅಂದರೆ ಪಕ್ಕದ ಹೊಲದವರು ಹಿಡಿದುಕೊಡುತ್ತಾರೆ, ಆಗ ತಡೆಯುವುದು ನನ್ನ ಕೈಯಲ್ಲಿ ಇರುವುದಿಲ್ಲ. ಹೂಂ ಅಂದೆ.

ಎಂಟು ದಿನ ಮುಂಜಾನೆಯ ಮಂಜಿನಲ್ಲಿ ಸೆರಗು ಹೊದ್ದು ಮಿಡತೆ ಹಿಡಿದೆ. ಕೈಯಲ್ಲಿ ಇಟ್ಟುಕೊಂಡರೂ ಅವು ಕಾಲು ಆಡಿಸುತ್ತಿರಲಿಲ್ಲ. ಮಧ್ಯಾಹ್ನದವು ಮಾತ್ರ ಸಾಕಷ್ಟು ಓಡಾಡಿಸಿದವು. ಡಬ್ಬಿ ಒಯ್ಯಲು ಮೇಷ್ಟ್ರು ಬರುವ ದಿನ ಎರಡೂ ಡಬ್ಬಿಯಲ್ಲಿ ಸತ್ತು ಒಣಗಿದ್ದನ್ನೆಲ್ಲ ಮೊರಕ್ಕೆ ಸುರಿದು, ಚೆನ್ನಾಗಿ ಬೆರೆಸಿ, ಮತ್ತೆ ಎರಡಕ್ಕೂ ಸಮನಾಗಿ ತುಂಬಿದೆ. ಅವರ ಲೆಕ್ಕ ಕೆಟ್ಟರೆ ನನ್ನ ಹೊಲ ಉಳಿಯುತ್ತದೆ ಅಂತ.

ಡಬ್ಬಿ ಒಯ್ದವರು ಯುಗಾದಿ ಕಳೆದ ಮೇಲೆ ಮತ್ತೆ ಬಂದರು. ಮುಖ ಇಳಿದುಹೋಗಿತ್ತು. "ಎರಡೂ ಬೂದಿ ಒಂದೇ ಥರ ಐತೆ ಅಮ್ಮಾ. ಚಳಿಯಿಂದ ಏನೂ ಆಗಾಕಿಲ್ಲ. ನಂದೇ ತಪ್ಪು. ಬರೆದಿಟ್ಟಿದ್ದನ್ನೆಲ್ಲ ಒಲೆಗೆ ಹಾಕಿದೆ."

ಹೊಲದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ. ನನಗೆ ನಾಚಿಕೆಯಾಯಿತು. ಹೇಳಿಬಿಡೋಣ ಅಂತ ಬಾಯಿ ತೆರೆದೆ.

"ಬೇರೆ ಯಾರಾದ್ರೂ ಹಿಡಿದಿದ್ರೆ ಇನ್ನೊಮ್ಮೆ ನೋಡ್ತಿದ್ದೆ," ಅಂದರು ಮೇಷ್ಟ್ರು. "ಹಿಡಿದವರು ನೀವು. ಅನುಮಾನ ಪಡೋ ಹಂಗೇ ಇಲ್ಲ." ಕೈಮುಗಿದರು.

ನಾನೂ ಕೈಮುಗಿದೆ.