ಕಾರ್ಬನ್ ಸೈಕಲ್ಲು

ಎರಡು ಲಕ್ಷದ ಸೈಕಲ್ಲಿಗೆ ಸ್ಟ್ಯಾಂಡ್ ಇರುವುದಿಲ್ಲ. ಹಾಗಾಗಿ ಹಂಗಳ ಎಂಬ ಹಳ್ಳಿಯ ಟೀ ಅಂಗಡಿಯಲ್ಲಿ ನನ್ನದನ್ನು ಗೋಡೆಗೆ ಒರಗಿಸಿದ್ದೆ. ಡೈರಿಗೆ ಹೊರಟಿದ್ದ ಯಜಮಾನರೊಬ್ಬರು, ಎರಡು ಕ್ಯಾನು ಹಾಲು ಹೇರಿದ್ದ ತಮ್ಮ ಕಬ್ಬಿಣದ ಸೈಕಲ್ ನಿಲ್ಲಿಸಿ ಬಂದು, ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು.

“ಇದೇನ್ ಸಾ, ಇಂಗೆ ಬೆಂಡಿನಂಗದ?”

“ಕಾರ್ಬನ್ನು. ಎರಡು ಲಕ್ಷ,” ಎಂದೆ ಜಂಬದಿಂದ.

ಅವರ ಮುಖ ಸಣ್ಣದಾಯಿತು. “ಅಷ್ಟು ದುಡ್ಡು ಇಸ್ಕಂಡು ಕಾರ್ಬನ್ ಕಾಪಿ ಕೊಟ್ಬುಟ್ಟವ್ರಲ್ಲ! ಒರಿಜಿನಲ್ ಯಾರ್ ತಾವ ಅದ ಸಾ?”

ಇದು ಕಬ್ಬಿಣಕ್ಕಿಂತ ಹಗುರವಾದ ಕಾರ್ಬನ್ ಫೈಬರ್ ಎಂದು ನಾನು ಬಿಡಿಸಿ ಹೇಳಿದಷ್ಟೂ ಅವರ ಕನಿಕರ ಹೆಚ್ಚಿತು. ನನ್ನ ಟೀ ಕಾಸೂ ಅವರೇ ಕೊಟ್ಟರು.

ಮುಂದಿನ ಏರಿನಲ್ಲಿ ನಾನು ಎದ್ದು ನಿಂತು ತುಳಿಯುತ್ತಾ ಏದುಸಿರು ಬಿಡುತ್ತಿದ್ದೆ. ಹಿಂದಿನಿಂದ ಬೆಲ್ಲು ಹೊಡೆಯುತ್ತಾ, ಎರಡು ಕ್ಯಾನು ಹಾಲಿನ ಸಮೇತ, ಒರಿಜಿನಲ್ಲು ನನ್ನನ್ನು ದಾಟಿಕೊಂಡು ಹೋಯಿತು.