ಎರಡು ಊರಿನ ಗೋಲ್‌ಕೀಪರ್

ನಾನು ಗೋಲ್‌ಕೀಪರ್ ಆಗಿದ್ದೆ ಎಂದರೆ ನಂಜನಗೂಡಿನಲ್ಲಿ ಈಗಲೂ ನಗುತ್ತಾರೆ. ನಗಲಿ. ಚೆಂಡು ನನ್ನ ಕಡೆ ಬಂದರೆ ನಾನು ಮೊದಲು ಮುಖ ಮುಚ್ಚಿಕೊಳ್ಳುತ್ತಿದ್ದೆ, ಆಮೇಲೆ ಗೋಲು. ಆಟಕ್ಕಿಂತ ನನಗೆ ಅಣಕವೇ ಚೆನ್ನಾಗಿ ಒಗ್ಗಿತ್ತು. ರೆಫರಿಯ ನಡಿಗೆ, ಬಸ್ ಕಂಡಕ್ಟರ್‌ನ ಸೀಟಿ, ರೇಡಿಯೋದ ಕಾಮೆಂಟರಿಯವನು ಉಸಿರು ಕಟ್ಟಿ ಕೂಗುವುದು, ಎಲ್ಲ ಬರುತ್ತಿತ್ತು. ನಾನು ಗೋಲು ಬಿಟ್ಟಾಗ ನನ್ನ ಬಗ್ಗೆ ನಾನೇ ಕಾಮೆಂಟರಿ ಹೇಳಿಕೊಳ್ಳುತ್ತಿದ್ದೆ.

ನಿಜವಾದ ಗೋಲ್‌ಕೀಪರ್ ನಮ್ಮಣ್ಣ. ನಮ್ಮ ದೊಡ್ಡಪ್ಪನ ಮಗ. ವಾರವೆಲ್ಲ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವುದು, ಭಾನುವಾರ ಗೋಲ್‌ಪೋಸ್ಟಿನ ನಡುವೆ ನಿಲ್ಲುವುದು. ಮೂಟೆ ಹಿಡಿದ ಕೈಗೆ ಚೆಂಡು ಹತ್ತಿಯ ಉಂಡೆಯಂತೆ ಸಿಗುತ್ತಿತ್ತು. ಅವನ ಊರು ನಂಜನಗೂಡು, ಅವನ ತಾಯಿಯ ತವರು ಟಿ. ನರಸೀಪುರ. ಅಲ್ಲಿನ ಟೀಮು ಕಟ್ಟಿದವರು ಅವನ ಸೋದರಮಾವ. ಅವನಿಗೆ ಗೋಲಿನ ಮುಂದೆ ನಿಲ್ಲುವುದನ್ನು ಕಲಿಸಿದವರೂ ಅವರೇ. ಅವನ ಜೊತೆ ನಾನೂ ಅವರನ್ನು ಮಾವ ಎಂದೇ ಕರೆಯುತ್ತಿದ್ದೆ.

ಎರಡೂ ಊರು ಅವನನ್ನು ಬಿಡುತ್ತಿರಲಿಲ್ಲ. ಹುಟ್ಟಿದ ಊರಿಗೆ ಆಡದಿದ್ದರೆ ಹೇಗೆ? ಸೋದರಮಾವ ಕರೆದರೆ ಹೋಗದಿರುವುದು ಹೇಗೆ? ಅದಕ್ಕೆ ಎರಡೂ ಊರಿನ ಹಿರಿಯರು ಒಂದು ಪದ್ಧತಿ ಮಾಡಿಕೊಂಡಿದ್ದರು. ನರಸೀಪುರದ ಸಂಗಮದ ಮರಳಿನ ಮೇಲೆ ಎರಡು ಟೀಮುಗಳ ನಡುವೆ ಪಂದ್ಯವಾದಾಗ, ಅರ್ಧ ಆಟ ಮುಗಿದ ಮೇಲೆ ಎಲ್ಲರೂ ಬದಿ ಬದಲಾಯಿಸುತ್ತಾರಲ್ಲ, ಆಗ ಅಣ್ಣ ಮಾತ್ರ ನಿಂತಲ್ಲೇ ನಿಂತಿರುತ್ತಿದ್ದ. ಮೊದಲರ್ಧ ನಂಜನಗೂಡಿನವನು, ಉಳಿದರ್ಧ ನರಸೀಪುರದವನು. ಇನ್ನೊಂದು ಗೋಲಿನಲ್ಲಿ ನಾನೂ ಹಾಗೇ ನಿಂತಿರುತ್ತಿದ್ದೆ. ಒಳ್ಳೆಯ ಕೀಪರ್‌ನ ಅರ್ಧ, ಕೆಟ್ಟ ಕೀಪರ್‌ನ ಅರ್ಧ ಎರಡೂ ಊರಿಗೆ ಸಮನಾಗಿ ಹಂಚಿಕೆ. ನ್ಯಾಯ ಅಂದರೆ ನ್ಯಾಯ. ಯಾರಾದರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಎರಡೂ ಟೀಮುಗಳು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ ಲೀಗಿಗೆ ಸೇರಿದವು. ಮೈಸೂರಿನಿಂದ ಕಾರ್ಯದರ್ಶಿಗಳು ಬಂದು ಬೆಂಚಿನ ಮೇಲೆ ಕೂತು ಎಲ್ಲ ತಿಳಿಸಿ ಹೇಳಿದರು. ಮೇಲೆ ಇಡೀ ದೇಶಕ್ಕೆ ಒಂದು ಸಂಸ್ಥೆ. ಅದರ ಕೆಳಗೆ ರಾಜ್ಯದ್ದು, ರಾಜ್ಯದ ಕೆಳಗೆ ಜಿಲ್ಲೆಯದ್ದು, ಜಿಲ್ಲೆಯ ಕೆಳಗೆ ಕ್ಲಬ್ಬುಗಳು. ಆಟಗಾರ ಒಂದೇ ಕ್ಲಬ್ಬಿನಲ್ಲಿ ನೋಂದಾಯಿಸಿಕೊಂಡು ಕಾರ್ಡು ಪಡೆಯಬೇಕು. ಚೆನ್ನಾಗಿ ಆಡಿದವನು ಜಿಲ್ಲಾ ತಂಡಕ್ಕೆ, ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ದೇಶಕ್ಕೆ.

ಮಾವ ಗಮನವಿಟ್ಟು ಕೇಳಿ, "ಗೊತ್ತಾಯ್ತು ಬುಡಿ ಸಾ. ಡ್ಯಾಮು, ದೊಡ್ಡ ನಾಲೆ, ಚಿಕ್ಕ ನಾಲೆ, ತೂಬು. ನಾವು ಕೊನೇ ಗದ್ದೆಯೋರು" ಎಂದರು.

"ಹಾಗೇ ಅಂದ್ಕೊಳ್ಳಿ."

"ಕೊನೇ ಗದ್ದೆಗೆ ನೀರು ಯಾವಾಗ ಬತ್ತದೆ ಅಂತ ನಿಮ್ಗೂ ಗೊತ್ತಲ್ಲ ಸಾ?"

ಕಾರ್ಯದರ್ಶಿಗಳೂ ನಕ್ಕರು. ಒಳ್ಳೆಯ ಮನುಷ್ಯ. ಅವರು ಮಾತಿನ ನಡುವೆ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸುವುದನ್ನು ನಾನು ಆ ಸಂಜೆಯೇ ಕಲಿತುಕೊಂಡೆ.

ಅಣ್ಣನ ಕಾರ್ಡು ನಂಜನಗೂಡಿನಲ್ಲಿ ಆಯಿತು. ನನ್ನನ್ನು ನಂಜನಗೂಡಿನವರು ಬಹಳ ಸಂತೋಷದಿಂದ ನರಸೀಪುರಕ್ಕೆ ಬಿಟ್ಟುಕೊಟ್ಟರು. ಮಾವನ ಟೀಮಿನವನೊಬ್ಬ ಅಣ್ಣನನ್ನು ತೋರಿಸಿ, "ಅಳಿಯಂದು ಏನ್ ಮಾಡದು?" ಎಂದು ಕೇಳಿದ. "ಅವ್ನು ಮನೆ ಮಗ ಕಣ್ಲಾ. ಮನೆ ಮಗನ್ಗೆ ಯಾತರ ಕಾರ್ಡು?" ಎಂದು ಮಾವ ಅವನಿಗೇ ಬೈದರು. ಅದು ಎಲ್ಲರಿಗೂ ಸರಿಯೆಂದೇ ಅನ್ನಿಸಿತು.

ಆ ವರ್ಷ ಅಣ್ಣನಿಗೆ ಜಿಲ್ಲಾ ಜೂನಿಯರ್ ತಂಡಕ್ಕೆ ಕೊನೆಯ ಅವಕಾಶ. ವಯಸ್ಸಿನ ಮಿತಿ ಮುಗಿಯುತ್ತಿತ್ತು. ಅವನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಮಿಲ್ಲಿನಲ್ಲಿ ನಾನೂ ಅವನೂ ಊಟಕ್ಕೆ ಕೂತಾಗ, "ಒಂದ್ಸಲ ಜಿಲ್ಲೆ ಜರ್ಸಿ ಆಕ್ಕಂಡ್ರೆ ಸಾಕು ಕಣ್ಲಾ" ಎನ್ನುತ್ತಿದ್ದ. ನಾನು ಕಾಮೆಂಟರಿಯವನ ದನಿಯಲ್ಲಿ ಅವನ ಹೆಸರು ಕೂಗಿದರೆ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಕಿವಿ ಮಾತ್ರ ಕೆಂಪಾಗಿರುತ್ತಿತ್ತು.

ಲೀಗಿನಲ್ಲಿ ನಮ್ಮೆರಡು ಊರುಗಳ ಪಂದ್ಯ ಬಂತು. ಮೈಸೂರಿನ ರೆಫರಿ, ಸುಣ್ಣದ ಗೆರೆ, ಮೂಲೆಗೆ ಬಾವುಟ. ತಂಡ ಆಯ್ಕೆ ಮಾಡುವವರೂ ಬಂದಿದ್ದರು. ಮೊದಲರ್ಧ ಅಣ್ಣ ಒಂದು ಚೆಂಡನ್ನೂ ಬಿಡಲಿಲ್ಲ. ಅರ್ಧ ಮುಗಿಯಿತು, ಬದಿ ಬದಲಾಯಿತು, ಅಣ್ಣ ನಿಂತಲ್ಲೇ ನಿಂತ. ನಾನೂ ನಿಂತೆ. ಅದರಲ್ಲಿ ಏನಾದರೂ ತಪ್ಪಿದೆ ಎಂದು ಆ ಬಯಲಿನಲ್ಲಿ ಒಬ್ಬನಿಗೂ ಅನ್ನಿಸಲಿಲ್ಲ. ಸೀಟಿ ಬಾಯಿಗಿಟ್ಟ ರೆಫರಿಗೆ ಮಾತ್ರ ಅನ್ನಿಸಿತು.

"ಏನ್ರೀ, ನಿಮ್ಮ ಕೀಪರ್ ಸೈಡ್ ಚೇಂಜ್ ಮಾಡ್ಲಿಲ್ವಾ?" ಎಂದು ನಂಜನಗೂಡಿನವರನ್ನು ಕೇಳಿದರು.

ಉತ್ತರ ಕೊಟ್ಟಿದ್ದು ಮಾವ. "ಅವ್ನೀಗ ನಮ್ಮೋನು ಸಾ."

"ನಿಮ್ಮೋನು ಅಂದ್ರೆ?"

"ಅರ್ಧ ಅವರ್ಗೆ, ಅರ್ಧ ನಮ್ಗೆ. ಯಾವಾಗ್ಲೂ ಇಂಗೇಯ. ಅವ್ರನ್ನೇ ಕೇಳಿ."

ನಂಜನಗೂಡಿನವರೂ ಹೌದೆಂದು ತಲೆಯಾಡಿಸಿದರು. ಆಟ ಅಲ್ಲಿಗೇ ನಿಂತಿತು. ರೆಫರಿ ಕೋಪ ಮಾಡಿಕೊಂಡಿದ್ದರೆ ಅವರನ್ನು ಅಣಕಿಸಿ ಸಮಾಧಾನವಾದರೂ ಮಾಡಿಕೊಳ್ಳಬಹುದಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ಅಣ್ಣನ ಮುಖ ನೋಡಿ, "ಛೆ" ಎಂದರು, ಅಷ್ಟೇ.

ಮುಂದಿನ ವಾರ ಮೈಸೂರಿಗೆ ಕರೆಸಿದರು. ಕಾರ್ಯದರ್ಶಿಗಳ ಕೋಣೆಯಲ್ಲಿ ಒಂದು ಕಡೆ ದೊಡ್ಡಪ್ಪ, ಒಂದು ಕಡೆ ಮಾವ, ನಡುವೆ ಅಣ್ಣ. ನನ್ನನ್ನೂ ಕರೆಸಿದ್ದರು, ಆದರೆ ಯಾರೂ ಏನೂ ಕೇಳಲಿಲ್ಲ. ನನ್ನನ್ನು ನಿಷೇಧಿಸಿದ್ದರೆ ದೇಶದ ಫುಟ್‌ಬಾಲಿಗೆ ಒಳ್ಳೆಯದೇ ಆಗುತ್ತಿತ್ತು.

ಎರಡು ಕ್ಲಬ್ಬಿಗೆ ಆಡಲು ನಿಂತವನನ್ನು ಅಮಾನತು ಮಾಡಲೇಬೇಕು, ಜಿಲ್ಲೆ ಮಾಡಿದ ಅಮಾನತು ದೇಶವೆಲ್ಲ ನಡೆಯುತ್ತದೆ ಎಂದು ಕಾರ್ಯದರ್ಶಿಗಳು ಹೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು. "ಒಂದು ದಾರಿ ಇದೆಯಪ್ಪ. ನಾನು ನಂಜನಗೂಡಿನವನು, ನರಸೀಪುರದವರಿಗೂ ನನಗೂ ಏನೂ ಇಲ್ಲ, ಅವರೇ ನನ್ನನ್ನ ನಿಲ್ಲಿಸಿಕೊಂಡ್ರು ಅಂತ ನಿನ್ನ ಬಾಯಲ್ಲಿ ಹೇಳು. ತಪ್ಪು ಅವರ ಕ್ಲಬ್ಬಿಗೆ ಹೋಗುತ್ತೆ. ಸೆಲೆಕ್ಷನ್‌ಗೆ ಬಾ."

ಅಣ್ಣ ಮಾವನ ಕಡೆ ನೋಡಿದ.

"ಅಂಗಂತ ಏಳ್ಲಾ" ಎಂದರು ದೊಡ್ಡಪ್ಪ.

"ಎಂಗೇಳ್ಲಪ್ಪ?" ಎಂದ ಅಣ್ಣ.

ಮಾವ ಎದ್ದು ನಿಂತರು. "ಸಾ, ಅವ್ನು ನಮ್ಮೋನಲ್ಲ. ನಮ್ಗೆ ಕೀಪರ್ ಗತಿ ಇರ್ನಿಲ್ಲ, ಬಲವಂತ್ವಾಗಿ ನಿಲ್ಲುಸ್ಕಂಡೊ. ಅವ್ನಿಗೂ ನಮ್ಗೂ ಸಂಬಂಧ ಇಲ್ಲ. ಬರ್ಕಳಿ." ಕೈ ಮುಗಿದರು. ಅಣ್ಣನ ಕಡೆ ನೋಡಲಿಲ್ಲ. ಬಾಗಿಲು ದಾಟಿ ಹೊರಗೆ ಹೋದರು. ಚಪ್ಪಲಿ ಮೆಟ್ಟಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ನರಸೀಪುರದ ಟೀಮನ್ನು ಲೀಗಿನಿಂದ ತೆಗೆದುಹಾಕಿದರು. ಅಣ್ಣ ಜಿಲ್ಲಾ ತಂಡಕ್ಕೆ ಆಯ್ಕೆಯಾದ. ಜರ್ಸಿ ಹಾಕಿಕೊಂಡು ರಾಜ್ಯದ ಪಂದ್ಯಾವಳಿಗೆ ಹೋದ, ಆಡಿದ, ಚೆನ್ನಾಗಿಯೇ ಆಡಿದನಂತೆ. ಬಂದಮೇಲೆ ಮಿಲ್ಲಿನಲ್ಲಿ ಆ ಸುದ್ದಿ ಎತ್ತಿದರೆ ಊಟದ ಕಡೆಗೆ ಮಾತು ತಿರುಗಿಸುತ್ತಿದ್ದ. ಕಾಮೆಂಟರಿ ಶುರು ಮಾಡಿದರೆ, "ಬ್ಯಾಡ ಸುಮ್ಕಿರ್ಲಾ" ಎನ್ನುತ್ತಿದ್ದ. ನಾನು ನಿಲ್ಲಿಸಿಬಿಟ್ಟೆ. ಸುಮ್ಮನಿರು ಎಂದರೆ ನಾನು ನಿಲ್ಲಿಸಿದ್ದು ಅದೊಂದೇ ಸಲ.

ಒಂದು ಭಾನುವಾರ ಅವನು ನನ್ನ ಜೊತೆ ನರಸೀಪುರದ ಬಸ್ಸು ಹತ್ತಿದ. ಲೀಗು ಹೋದರೂ ಮಾವ ಆಟ ಬಿಟ್ಟಿರಲಿಲ್ಲ. ಆ ದಿನ ಮೂಗೂರಿನವರ ಮೇಲೆ ಪಂದ್ಯ. ಅಣ್ಣ ಚಪ್ಪಲಿ ಬಿಟ್ಟು ಪ್ಯಾಂಟು ಮಡಿಸಿಕೊಂಡು ಮರಳಿಗೆ ಇಳಿದ.

"ನಿಲ್ಲು" ಎಂದರು ಮಾವ. "ನಿನ್ ಕಾರ್ಡ್ ಅದೆ. ನಮ್ದು ಸಂಸ್ಥೆ ಒಪ್ಪಿರೋ ಟೀಮಲ್ಲ. ಇಲ್ಲಾಡಿದ್ರೆ ನಿನ್ನ ತಗುದಾಕ್ತರೆ."

"ಇಲ್ಲಿ ಯಾರು ನೋಡಾರು ಮಾವ?"

"ಯಾರಾರ ನೋಡ್ಲಿ ಬುಡ್ಲಿ. ಬ್ಯಾಡ ಅಂದ್ರೆ ಬ್ಯಾಡ. ಅಷ್ಟ್ ಮಾತಾಡಿ ಉಳುಸ್ಕಂಡಿರದು, ಇದ್ಕೆ ಕಳ್ಕತೀಯಾ?"

"ಅವತ್ತು ಯಾಕ್ ಮಾವ ಅಂಗಂದ್ರಿ?"

"ಇನ್ನೇನ್ಲಾ ಅನ್ಬೇಕಾಗಿತ್ತು?" ಎಂದ ಮಾವ ನನ್ನ ಕಡೆ ತಿರುಗಿ, "ಏ, ನೀನೇನ್ ನೋಡ್ತಾ ನಿಂತಿದೀಯ? ಓಗು, ಗೋಲ್‌ಗೆ ಓಗು" ಎಂದು ಗದರಿದರು.

ಆಟ ಶುರುವಾಯಿತು. ಅಣ್ಣ ನನ್ನ ಗೋಲಿನ ಪಕ್ಕದಲ್ಲೇ, ಗೆರೆಯಿಂದಾಚೆ ಬಂದು ನಿಂತ. ಮೂಗೂರಿನವನೊಬ್ಬ ಒದ್ದ ಚೆಂಡು ಪೋಸ್ಟಿನ ಹೊರಗೆ ಹಾದು ನೇರ ಅವನ ಕಡೆಗೆ ಉರುಳಿ ಕಾಲಿನ ಬಳಿ ನಿಂತಿತು. ಅವನು ಮಾವನ ಕಡೆ ನೋಡಿದ. ಮಾವ ಅಷ್ಟು ದೂರದಿಂದಲೇ ಬೇಡವೆಂದು ಕೈಯಾಡಿಸಿದರು.

ಅಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ನಾನೇ ಹೋಗಿ, ಅವನ ಕಾಲ ಬಳಿಯಿಂದ ಚೆಂಡು ಎತ್ತಿಕೊಂಡು ಬಂದೆ.